ಹಗ್ಗ ಯಾರ ಕೈಯಾಗದ?

2017ರ ಡಿಸೆಂಬರ್. ವಿಜಯಪುರದಲ್ಲಿ ಶಾಲೆಗೆ ಹೋಗುತ್ತಿದ್ದ ದಲಿತ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ಮಾಡಿ ಕೊಂದರು. ಸುದ್ದಿ ಬಂದ ದಿನ ನಾವು ಗಾಜಿಪುರದ ಒಂದು ಮನೆಯ ಪಡಸಾಲೆಯೊಳಗ ಕುಂತು ಬಟ್ಟೆಯ ಬ್ಯಾನರ್ ಬರೆದೆವು. ಜಗತ್ ಸರ್ಕಲ್‌ನ ಬಾಬಾಸಾಹೇಬರ ಪ್ರತಿಮೆಯ ಮುಂದೆ ಹಿಡಿಯಬೇಕಾಗಿತ್ತು. "ಗಲ್ಲಿಗೇರಿಸಿ" ಅಂತ ಬರೆದೆವು. ಐದೇ ಅಕ್ಷರ. ದೊಡ್ಡದಾಗಿ, ಕೆಂಪಾಗಿ ಕುಂತವು. ಕುಂಚ ಹಿಡಿದಿದ್ದ ಹುಡುಗ, ಡಿಗ್ರಿ ಓದುವವನು, ಕೆಳಗೆ ಇನ್ನೊಂದು ಸಾಲು ಸೇರಿಸೋಣ ಅಂದ: "ಸಾಕ್ಷಿದಾರರಿಗೆ ರಕ್ಷಣೆ ಕೊಡಿ, ದಿನದ ಕೂಲಿ ಕೊಡಿ." ಬಟ್ಟೆ ಸಾಲಲಿಲ್ಲ. ಬಿಟ್ಟೆವು.

ಆ ಬಿಟ್ಟ ಸಾಲಿನ ಬಗ್ಗೆ ಈ ಲೇಖನ.

ಮೊದಲೇ ಹೇಳಿಬಿಡುತ್ತೇವೆ. ಕೊಂದವರ ಬಗ್ಗೆ ನಮಗೆ ಕರುಣೆ ಉಕ್ಕಿ ಬಂದಿಲ್ಲ. ಕೇರಿಯ ಮಗಳ ಹೆಣ ಕಂಡವರಿಗೆ ಅಹಿಂಸೆಯ ಪಾಠ ಹೇಳಲು ಬರುವ ಮಠಾಧೀಶರ ಸಾಲಿನಲ್ಲಿ ನಾವು ನಿಂತಿಲ್ಲ. ಸಿಟ್ಟು ನಮ್ಮದೇ. ಆದರೆ ಆ ಸಿಟ್ಟನ್ನು ಯಾರ ಕೈಗೆ ಒಪ್ಪಿಸುತ್ತಿದ್ದೇವೆ ಎಂಬ ಪ್ರಶ್ನೆಯನ್ನು ನಮ್ಮ ಚಳವಳಿ ಕೇಳಿಕೊಳ್ಳುತ್ತಿಲ್ಲ. ನಮ್ಮ ಸಾಹಿತ್ಯವೂ ಕೇಳಿಕೊಳ್ಳುತ್ತಿಲ್ಲ. ಕೇಳದೆ ಇರುವುದಕ್ಕೆ ಬೆಲೆ ಕೊಡುವವರು ನಮ್ಮವರೇ.

ಶಿಕ್ಷೆಯ ಶಾಸ್ತ್ರ ಈ ನೆಲದಲ್ಲಿ ಯಾರು ಬರೆದರು? ಮನುವಿನ ಎಂಟನೆಯ ಅಧ್ಯಾಯ ತೆಗೆದು ನೋಡಿರಿ. ಬೇರೆಯವರು ಪ್ರಾಣ ಕೊಡಬೇಕಾದ ಅಪರಾಧಕ್ಕೆ ಬ್ರಾಹ್ಮಣನಿಗೆ ತಲೆ ಬೋಳಿಸಿದರೆ ಸಾಕು. ಮೇಲಿನವರನ್ನು ಬೈದ ಶೂದ್ರನಿಗೆ ಮಾತ್ರ ನಾಲಿಗೆ ಕತ್ತರಿಸಬೇಕು. ಒಬ್ಬನಿಗೆ ಕ್ಷೌರಿಕನ ಕತ್ತಿ, ಇನ್ನೊಬ್ಬನಿಗೆ ಕಟುಕನ ಕತ್ತಿ! 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಬಾಬಾಸಾಹೇಬರು ಸುಟ್ಟದ್ದು ಈ ದಂಡಸಂಹಿತೆಯನ್ನೂ ಹೌದು. ನೀರು ಮುಟ್ಟಬಾರದು ಎಂಬುದಷ್ಟೇ ಅಲ್ಲ, ಮುಟ್ಟಿದರೆ ಏನು ಮಾಡಬೇಕು ಎಂಬುದೂ ಅದರಲ್ಲಿತ್ತು.

ಕಾವ್ಯ ಈ ಶಾಸ್ತ್ರದ ಹಿಂದೆ ಹಿಂದೆ ನಡೆದು ಬಂದಿತು. ಶಂಬೂಕ ತಪಸ್ಸು ಮಾಡಿದ. ಎಲ್ಲೋ ಒಬ್ಬ ಬ್ರಾಹ್ಮಣನ ಮಗ ಸತ್ತ. ರಾಜ ಬಂದು ಶಂಬೂಕನ ತಲೆ ಕಡಿದ, ಆ ಹುಡುಗ ಎದ್ದು ಕುಂತ. ಸಾಕ್ಷಿ ಇಲ್ಲ, ವಿಚಾರಣೆ ಇಲ್ಲ, ಪಂಚನಾಮೆ ಇಲ್ಲ; ನೇರ ತೀರ್ಪು, ಅದೇ ಗಳಿಗೆಯಲ್ಲಿ ಜಾರಿ. ಇವತ್ತಿನ ಭಾಷೆಯಲ್ಲಿ ಇದಕ್ಕೆ ಎನ್‌ಕೌಂಟರ್ ಅಂತಾರೆ. ಕುವೆಂಪು 1944ರಲ್ಲಿ 'ಶೂದ್ರ ತಪಸ್ವಿ' ಬರೆದು ಬ್ರಹ್ಮಾಸ್ತ್ರವನ್ನು ದೂರು ತಂದವನ ಕಡೆಗೇ ತಿರುಗಿಸಿದರು. ಮಾಸ್ತಿಯವರಂಥ ಹಿರಿಯರಿಗೆ ಅದು ಒಪ್ಪಿಗೆಯಾಗಲಿಲ್ಲ. ನಾವು ಗಮನಿಸಬೇಕಾದದ್ದು ಬೇರೆ. ಕುವೆಂಪು ದೂರುದಾರನನ್ನು ಕೊಲ್ಲಿಸಲಿಲ್ಲ. ಅಸ್ತ್ರ ಅಟ್ಟಿಸಿಕೊಂಡು ಹೋಗುತ್ತದೆ, ಅವನಿಗೆ ಬುದ್ಧಿ ಬರುತ್ತದೆ. ನಮ್ಮ ಕೆಲವು ಗೆಳೆಯರು ಇದನ್ನು ಕುವೆಂಪು ಅವರ ಮೆದುತನ ಎಂದರು. ನಮಗೂ ಒಂದು ಕಾಲದಲ್ಲಿ ಹಾಗೇ ಅನ್ನಿಸಿತ್ತು.

ಇನ್ನು ನಮ್ಮ ಮನೆಯ ಬಾಗಿಲಿಗೇ ಬರೋಣ. ಕಲಬುರಗಿಯಿಂದ ಬೀದರದ ರಸ್ತೆ ಹಿಡಿದು, ಕಮಲಾಪುರ ದಾಟಿ, ಹುಮನಾಬಾದದ ಮೇಲೆ ಹಾದು ಹೋದರೆ ಬಸವಕಲ್ಯಾಣ. ಅಲ್ಲಿ ಹರಳಯ್ಯನ ಗವಿ ಇದೆ. ಸಮಗಾರ ಹರಳಯ್ಯನ ಮಗ, ಬ್ರಾಹ್ಮಣ ಮಧುವರಸನ ಮಗಳು ಮದುವೆಯಾದರು. ಅದಕ್ಕೆ ಬಿಜ್ಜಳನ ಆಜ್ಞೆ: ಎಳೆಹೂಟೆ. ಆನೆಯ ಕಾಲಿಗೆ ಕಟ್ಟಿ ಕಲ್ಯಾಣದ ಬೀದಿಯಲ್ಲಿ ಎಳೆಯುವುದು. ಪುರಾಣಗಳೂ ನಮ್ಮ ಮಂದಿಯ ಬಾಯೂ ಹೇಳುವ ಕಥೆ ಇದು. 12ನೆಯ ಶತಮಾನದ ಈ ಸಂಗತಿಯ ಯಾವ ವಿವರ ಎಷ್ಟು ಚರಿತ್ರೆ ಎಂದು ಪಂಡಿತರು ಜಗಳವಾಡಲಿ. ಕನ್ನಡದ ನೆನಪಿನಲ್ಲಿ ಮರಣದಂಡನೆ ಎಂದ ಕೂಡಲೇ ಮೊದಲು ಎದ್ದು ನಿಲ್ಲುವ ಚಿತ್ರ ಇದೇ, ಮತ್ತು ಅದರಲ್ಲಿ ಹಗ್ಗದ ತುದಿಗೆ ಕಟ್ಟಿದ್ದು ಚಪ್ಪಲಿ ಹೊಲೆಯುವವನನ್ನು.

ಈ ಕಲ್ಯಾಣದ ಮೇಲೆ ಲಂಕೇಶರ 'ಸಂಕ್ರಾಂತಿ' (1971), ಶಿವಪ್ರಕಾಶರ 'ಮಹಾಚೈತ್ರ' (1986), ಕಾರ್ನಾಡರ 'ತಲೆದಂಡ' (1990) ಬಂದವು. ದೊಡ್ಡ ನಾಟಕಗಳೇ. ಆದರೆ ಅವುಗಳ ಸುತ್ತ ನಡೆದ ಚರ್ಚೆ ನೋಡಿರಿ: ಬಸವಣ್ಣನ ದ್ವಂದ್ವ, ಬಿಜ್ಜಳನ ಒಂಟಿತನ, ಕ್ರಾಂತಿಯ ಸೋಲು. ಹರಳಯ್ಯನ ಚರ್ಮ ಕಲ್ಲಿಗೆ ಉಜ್ಜಿ ಹೋದದ್ದು ಬರೀ ಒಂದು 'ಕಾರಣ'. ಬಿಜ್ಜಳನ ಕೊಲೆ ದುರಂತ, ಹರಳಯ್ಯನ ಕೊಲೆ ಘಟನೆ! ವಿಚಾರ ಸಂಕಿರಣಗಳಲ್ಲಿ ಊಟ ಮಾಡಿ ಕೈ ತೊಳೆದು ಬರುವ ವಿಮರ್ಶಕರಿಗೆ ಇದು ಕಾಣಲಿಲ್ಲ. ಇರಲಿ ಬಿಡಿ.

ಶಿಷ್ಟರ ಕಾವ್ಯ ದಂಡ ಕೊಡುವವನ ಪಕ್ಕದಲ್ಲಿ ನಿಂತರೆ, ಲಾವಣಿ ಹಾಡುವವರು ಕೊರಳು ಕೊಟ್ಟವನ ಪಕ್ಕದಲ್ಲಿ ನಿಂತರು. 1831ರ ಜನವರಿ 26ರಂದು ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ನೇಣಿಗೆ ಹಾಕಿದ ಕಂಪನಿ ಸರಕಾರದ ಕಡತದಲ್ಲಿ ಅವನು ಬಂಡುಕೋರ. ಮಂದಿ ಇವತ್ತಿಗೂ ನಂದಗಡದ ಆಲದ ಮರಕ್ಕೆ ತೊಟ್ಟಿಲು ಕಟ್ಟಿ ಮಕ್ಕಳನ್ನು ಬೇಡುತ್ತಾರೆ. 1857ರಲ್ಲಿ ಹತಾರ ಕೊಡಲೊಪ್ಪದ ಹಲಗಲಿಯ ಬೇಡರನ್ನು ಮುಧೋಳದ ಸಂತೆಗೆ ಬಂದ ಜನರ ಕಣ್ಣೆದುರು ಗಲ್ಲಿಗೆ ಹಾಕಿದರು. ಉಳಿದವರನ್ನು ಹಲಗಲಿಯಲ್ಲೇ ಹಾಕಿದರು. ಮಂದಿ ಹೆದರಲಿ ಅಂತ ಸಂತೆಯನ್ನು ಆರಿಸಿದ್ದರು. ಮಂದಿ ಹೆದರಿದರೋ ಇಲ್ಲವೋ, ಲಾವಣಿಯನ್ನಂತೂ ಕಟ್ಟಿದರು. ನಿರಂಜನರ 'ಚಿರಸ್ಮರಣೆ' (1955) ಇದೇ ದಾರಿಯ ಕಾದಂಬರಿ. ಕಾಸರಗೋಡು ಸೀಮೆಯ ಕಯ್ಯೂರಿನ ನಾಲ್ವರು ರೈತ ಹುಡುಗರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನೇಣಿಗೆ ಹಾಕಿದ್ದನ್ನು ಕನ್ನಡ ಮರೆಯದಂತೆ ಮಾಡಿದ್ದು ಅದು. ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಗಲ್ಲು ಇಲ್ಲ, ಆದರೆ ಶಿಕ್ಷೆ ಇದೆ: ಹಸಿದ ಮನೆಯವರೆಲ್ಲ ಸುತ್ತ ಕುಂತು ಕಡಲೆಕಾಯಿ ತಿನ್ನುತ್ತಾರೆ, ಬೆಳಗಾದರೆ ಪೊಲೀಸರು ಬರುತ್ತಾರೆ. ಸಾಹುಕಾರನ ಮೂಟೆಗೆ ಕಾನೂನು ಇದೆ, ಮಕ್ಕಳ ಹೊಟ್ಟೆಗೆ ಇಲ್ಲ.

ಇಷ್ಟೆಲ್ಲ ಗೊತ್ತಿದ್ದವರು ನಾವು. ಆದರೂ ಬ್ಯಾನರ್ ಬರೆಯುವಾಗ ಬಿಜ್ಜಳನ ಕೈಗೇ ಹಗ್ಗ ಕೊಡುತ್ತೇವಲ್ಲ!

ಹಗ್ಗ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಲೆಕ್ಕ ಇದೆ. ದಿಲ್ಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ 2016ರಲ್ಲಿ ಮರಣದಂಡನೆಯ ಕೈದಿಗಳ ವರದಿ ಪ್ರಕಟಿಸಿತು. ಜೈಲು ಜೈಲು ಸುತ್ತಿ 373 ಕೈದಿಗಳ ವಿವರ ತೆಗೆದಿದ್ದರು. ಅವರಲ್ಲಿ ನೂರಕ್ಕೆ 76 ಮಂದಿ ಪರಿಶಿಷ್ಟರು, ಹಿಂದುಳಿದವರು, ಧಾರ್ಮಿಕ ಅಲ್ಪಸಂಖ್ಯಾತರು. ಪರಿಶಿಷ್ಟ ಜಾತಿ ಪಂಗಡದವರೇ ಸುಮಾರು ನಾಲ್ಕರಲ್ಲಿ ಒಂದು ಪಾಲು. ನೂರಕ್ಕೆ 74 ಮಂದಿ ಕಡುಬಡವರು. ಮೇಲ್ಜಾತಿಯ ಶ್ರೀಮಂತರು ಕೊಲೆ ಮಾಡುವುದೇ ಇಲ್ಲವೇನು? ಮಾಡುತ್ತಾರೆ. ಅವರಿಗೆ ವಕೀಲರಿದ್ದಾರೆ. ನ್ಯಾಯಮೂರ್ತಿ ಭಗವತಿಯವರು 1982ರಲ್ಲಿ ತಮ್ಮ ಭಿನ್ನ ತೀರ್ಪಿನಲ್ಲಿ ಇದನ್ನೇ ಹೇಳಿದ್ದರು, ಈ ಶಿಕ್ಷೆ ಬಡವರನ್ನೇ ಹುಡುಕಿಕೊಂಡು ಹೋಗುತ್ತದೆ ಎಂದು. ಅಮೆರಿಕದಲ್ಲೂ ಇದೇ ಹಾಡು. ಬಿಳಿಯನನ್ನು ಕೊಂದವನಿಗೆ ಮರಣದಂಡನೆ ಬೀಳುವ ಸಂಭವ ಕರಿಯನನ್ನು ಕೊಂದವನಿಗಿಂತ ಬಹಳ ಹೆಚ್ಚು ಎಂದು ಅಂಕಿ ಅಂಶ ಮುಂದಿಟ್ಟಾಗ, ಅಲ್ಲಿನ ಸುಪ್ರೀಂ ಕೋರ್ಟು 1987ರಲ್ಲಿ ಐದಕ್ಕೆ ನಾಲ್ಕು ಮತಗಳಿಂದ ಅದನ್ನು ಪಕ್ಕಕ್ಕೆ ಸರಿಸಿತು. ಸತ್ತವನ ಬೆಲೆಗೂ ಬಣ್ಣ ಇದೆ, ಜಾತಿ ಇದೆ.

ಕರ್ನಾಟಕದ ಗಲ್ಲುಗಂಬ ಇರುವುದು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ. 1983ರ ಈಚೆ ಅಲ್ಲಿ ಯಾರನ್ನೂ ನೇಣಿಗೆ ಹಾಕಿಲ್ಲ. ಹಾಕದಿದ್ದರೂ ಅಲ್ಲಿ ನಡೆದದ್ದನ್ನು ಕೇಳಿರಿ. ವೀರಪ್ಪನ್ ಸಹಚರರೆಂದು ಹಿಡಿದ ನಾಲ್ವರಿಗೆ ಪಾಲಾರ್ ಸ್ಫೋಟದ ಕೇಸಿನಲ್ಲಿ ಮೈಸೂರಿನ ಟಾಡಾ ಕೋರ್ಟು 2001ರಲ್ಲಿ ಜೀವಾವಧಿ ಕೊಟ್ಟಿತು. ಶಿಕ್ಷೆ ಕಡಿಮೆಯಾಗಲಿ ಎಂದು ಅವರು ಸುಪ್ರೀಂ ಕೋರ್ಟಿಗೆ ಹೋದರೆ 2004ರಲ್ಲಿ ಅದು ಮರಣದಂಡನೆಯಾಯಿತು! ಹತ್ತು ವರ್ಷ ಹಗ್ಗದ ಕೆಳಗೆ ಕುಂತ ಮೇಲೆ 2014ರ ಜನವರಿಯಲ್ಲಿ ಮತ್ತೆ ಜೀವಾವಧಿಗೆ ಇಳಿಯಿತು. ಇನ್ನೊಬ್ಬ ಕೈದಿಯನ್ನು ಬೆಳಗಾವಿಯಲ್ಲಿ ಹತ್ತು ವರ್ಷ ಕಾನೂನಿಗೆ ವಿರುದ್ಧವಾಗಿ ಒಂಟಿ ಕೋಣೆಯಲ್ಲಿ ಇಟ್ಟಿದ್ದರೆಂದು 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಿ ಅವನ ಗಲ್ಲು ತೆಗೆಯಿತು. ಮತ್ತೊಬ್ಬನಿಗೆ ರಾಷ್ಟ್ರಪತಿಗಳು 2012ರಲ್ಲಿ ದಯೆ ತೋರಿಸಿದರು. ಅವನು 2007ರಲ್ಲೇ ಜೈಲಿನಲ್ಲಿ ಸತ್ತುಹೋಗಿದ್ದ. ಅರ್ಜಿ ಮೇಜಿನಿಂದ ಮೇಜಿಗೆ ಹೋಗುತ್ತಾ ಇತ್ತು, ಹೆಣ ಮಣ್ಣಾಗಿತ್ತು. ನಗಬೇಕೋ ಅಳಬೇಕೋ ನೀವೇ ಹೇಳಿರಿ.

ನಮ್ಮದೇ ಜಿಲ್ಲೆಯ ಒಂದು ಕೇಸು ಹೇಳುತ್ತೇವೆ. ಒಬ್ಬ ಹೆಂಡತಿಯನ್ನು ಕೊಂದು ಜೀವಾವಧಿ ಶಿಕ್ಷೆಗೆ ಹೋದ. ಪೆರೋಲ್ ಮೇಲೆ ಹೊರಬಂದು 1994ರಲ್ಲಿ ಎರಡನೆಯ ಹೆಂಡತಿಯನ್ನೂ ಪುಟ್ಟ ಮಗಳನ್ನೂ ಕೊಂದ. ಇದಕ್ಕಿಂತ ಘೋರ ಯಾವುದು? ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಬ್ಬರು ಗಲ್ಲು ಎಂದರು, ಒಬ್ಬರು ಬೇಡ ಎಂದರು. ಮೂರನೆಯವರು ಗಲ್ಲು ಎಂದರು. 2005ರಲ್ಲಿ ಸುಪ್ರೀಂ ಕೋರ್ಟು ಒಪ್ಪಿತು. 2012ರಲ್ಲಿ 14 ಮಂದಿ ನಿವೃತ್ತ ನ್ಯಾಯಮೂರ್ತಿಗಳು ರಾಷ್ಟ್ರಪತಿಗಳಿಗೆ ಪತ್ರ ಬರೆದು, ತಪ್ಪು ಕಾನೂನಿನ ಆಧಾರದ ಮೇಲೆ ಗಲ್ಲಿಗೆ ಒಳಗಾದವರ ಪಟ್ಟಿ ಕೊಟ್ಟರು. ಇವನ ಹೆಸರು ಅದರಲ್ಲಿತ್ತು. ಆದರೂ 2013ರಲ್ಲಿ ದಯಾ ಅರ್ಜಿ ತಿರಸ್ಕಾರವಾಯಿತು. ಅರ್ಜಿ ತೀರ್ಮಾನಕ್ಕೆ ಏಳು ವರ್ಷ ಎಂಟು ತಿಂಗಳು ಹಿಡಿದದ್ದೇ ಕಾರಣವಾಗಿ 2023ರಲ್ಲಿ ಹೈಕೋರ್ಟು ಅದನ್ನು ಜೀವಾವಧಿಗೆ ಇಳಿಸಿತು. ಅವನು ಒಳ್ಳೆಯವನೆಂದು ನಾವು ಹೇಳುತ್ತಿಲ್ಲ. ಆ ಇಬ್ಬರು ಹೆಂಗಸರನ್ನೂ ಆ ಕೂಸನ್ನೂ ನೆನೆದರೆ ಕೈ ನಡುಗುತ್ತದೆ. ಆದರೆ ಒಂದೇ ಕೊರಳಿನ ಮೇಲೆ ಇಷ್ಟು ಮಂದಿ ದೊಡ್ಡವರು ಇಷ್ಟು ವರ್ಷ ಹೌದು, ಅಲ್ಲ, ಹೌದು ಎಂದು ಆಡಿದ್ದಾರಲ್ಲ, ಇದಕ್ಕೆ ನ್ಯಾಯ ಅನ್ನುತ್ತೀರಾ, ಚೌಕಾಬಾರಾ ಅನ್ನುತ್ತೀರಾ? 1980ರಿಂದ 'ಅಪರೂಪದಲ್ಲಿ ಅಪರೂಪ' ಎಂಬ ಮಾತು ಹಿಡಿದುಕೊಂಡು ಬಂದಿದ್ದಾರೆ. ಯಾವುದು ಅಪರೂಪ ಎಂಬುದು ಕುರ್ಚಿಯಲ್ಲಿ ಯಾರು ಕುಂತಿದ್ದಾರೆ ಎಂಬುದರ ಮೇಲೆ ನಿಂತಿದೆ.

ಕೇರಿಯ ಹೆಣಗಳಂತೂ ಇವರಿಗೆ ಅಪರೂಪವಲ್ಲ. 2000ದ ಮಾರ್ಚ್ 11ರಂದು ಕೋಲಾರ ಜಿಲ್ಲೆಯ (ಈಗ ಚಿಕ್ಕಬಳ್ಳಾಪುರ) ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೆ ಸುಟ್ಟರು. ಸಾಕ್ಷಿದಾರರು ತಿರುಗಿಬಿದ್ದರು. 2006ರಲ್ಲಿ ಎಲ್ಲರೂ ಖುಲಾಸೆ. 2014ರಲ್ಲಿ ಹೈಕೋರ್ಟು ಖುಲಾಸೆಯನ್ನೇ ಎತ್ತಿಹಿಡಿಯಿತು. ಏಳು ಮಂದಿ ತಮ್ಮಷ್ಟಕ್ಕೆ ತಾವೇ ಸುಟ್ಟುಕೊಂಡರೇನು? ಅಲ್ಲಿ ಗಲ್ಲು ಇರಲಿಲ್ಲ ಎಂದು ನ್ಯಾಯ ಸತ್ತದ್ದಲ್ಲ. ಸಾಕ್ಷಿ ಹೇಳಿ ಅದೇ ಊರಿಗೆ, ಅದೇ ಗೌಡರ ಹೊಲದ ಕೂಲಿಗೆ ವಾಪಸು ಹೋಗಬೇಕಾದವರ ಬೆನ್ನಿಗೆ ಯಾರೂ ಇರಲಿಲ್ಲ ಎಂದು ಸತ್ತದ್ದು. ಕಾನೂನು ಪುಸ್ತಕದಲ್ಲಿ ಶಿಕ್ಷೆ ಎಷ್ಟು ದೊಡ್ಡದಿದ್ದರೇನು, ಕಟಕಟೆಯಲ್ಲಿ ಬಾಯಿ ಒಣಗಿದರೆ?

"ಖೈರ್ಲಾಂಜಿಯಲ್ಲಿ ಗಲ್ಲು ಕೊಟ್ಟರಲ್ಲ" ಅಂತಾರೆ ಕೆಲವು ಗೆಳೆಯರು. ಕೊಟ್ಟರು. 2006ರ ಸೆಪ್ಟೆಂಬರ್ 29ರಂದು ಒಂದೇ ಮನೆಯ ನಾಲ್ವರನ್ನು ಕೊಂದದ್ದಕ್ಕೆ 2008ರಲ್ಲಿ ಭಂಡಾರಾದ ಕೋರ್ಟು ಆರು ಮಂದಿಗೆ ಮರಣದಂಡನೆ ವಿಧಿಸಿತು. ಪೇಪರುಗಳು ಕೊಂಡಾಡಿದವು. ಅದೇ ತೀರ್ಪಿನೊಳಗೆ ಇದು ಜಾತಿಯ ಕೊಲೆ ಅಲ್ಲ, ಸೇಡಿನ ಕೊಲೆ ಎಂದು ಬರೆದು ಅಟ್ರಾಸಿಟಿ ಕಾಯ್ದೆಯನ್ನು ಹೊರಗಿಟ್ಟರು. ಗಲ್ಲು ಕೊಟ್ಟು ಜಾತಿಯನ್ನು ಬಿಡುಗಡೆ ಮಾಡಿದರು! 2010ರಲ್ಲಿ ಗಲ್ಲೂ ಹೋಯಿತು, 25 ವರ್ಷದ ಜೈಲಾಯಿತು. ಜಾತಿ ಮಾತ್ರ ವಾಪಸು ಬರಲಿಲ್ಲ.

ಇದರ ಎದುರಿಗೆ ಗಂಗಾವತಿ ತಾಲ್ಲೂಕಿನ ಮರಕುಂಬಿ ಇಟ್ಟು ನೋಡಿರಿ. 2014ರ ಆಗಸ್ಟ್ 28ರಂದು ದಲಿತರ ಗುಡಿಸಲಿಗೆ ಬೆಂಕಿ ಹಚ್ಚಿದರು. 2024ರ ಅಕ್ಟೋಬರ್ 24ರಂದು ಕೊಪ್ಪಳದ ಕೋರ್ಟು 98 ಮಂದಿಗೆ ಜೀವಾವಧಿ ಕೊಟ್ಟಿತು. ಅಲ್ಲಿ ಯಾರೂ ಗಲ್ಲು ಎನ್ನಲಿಲ್ಲ. ಹತ್ತು ವರ್ಷ ಸಾಕ್ಷಿ ನಿಂತಿತು, ಅದೇ ದೊಡ್ಡದು. ಮರುತಿಂಗಳೇ ಅವರಲ್ಲಿ ಹೆಚ್ಚಿನವರಿಗೆ ಧಾರವಾಡ ಪೀಠದಿಂದ ಜಾಮೀನು ಸಿಕ್ಕಿತೆಂಬುದೂ ನಿಜ. ಆದರೂ ಇಡೀ ಊರಿನ ಸವರ್ಣೀಯರಿಗೆ ಒಂದು ಸಲ ಜೈಲಿನ ಬಾಗಿಲು ಕಂಡಿತು. ನಾವು ಹೇಳುತ್ತೇವೆ: ಒಬ್ಬನನ್ನು ನೇಣಿಗೆ ಹಾಕಿ ತೊಂಬತ್ತೇಳು ಮಂದಿಯನ್ನು ಮನೆಗೆ ಕಳಿಸುವುದಕ್ಕಿಂತ ಇದು ಅವರಿಗೆ ಹೆಚ್ಚು ಹೆದರಿಕೆಯದು.

ನಮ್ಮ ಓಣಿಯಲ್ಲಿ ಒಬ್ಬ ಕಾಕಾ ಇದ್ದಾರೆ. ಕೋರ್ಟಿನ ಬಾಗಿಲಲ್ಲಿ ಹೆಸರು ಕೂಗುವ ಜವಾನರಾಗಿ ರಿಟೈರ್ ಆದವರು. ನಮ್ಮ ಬ್ಯಾನರ್ ನೋಡಿ ಅಂದರು: "ಏನ್ರಪ್ಪಾ, ಎಲ್ಲಾರೂ ಫಾಶಿ ಫಾಶಿ ಅಂತೀರಿ. ನಾ ಖೂನಿ ಕೇಸಿನ್ಯಾಗ ಸಾಕ್ಷಿದಾರರ ಹೆಸರು ಮೂರು ಮೂರು ಸಲ ಒದರೀನಿ. ಬರ್ತಿದ್ದಿಲ್ಲ. ಯಾಕಂದ್ರ ಬಸ್ಸಿನ ರೊಕ್ಕ ಇರ್ತಿದ್ದಿಲ್ಲ. ಬಂದ್ರ ಆ ದಿನದ ಕೂಲಿ ಹೋಗ್ತಿತ್ತು. ಬಂದು ಕುಂತ್ರ ಸಂಜೀಕ ಮುಂದಿನ ತಾರೀಖು ಕೊಡ್ತಿದ್ರು. ಅದರ ಬಗ್ಗೆ ನಿಮ್ಮ ಸಂಘದವ್ರು ಒಮ್ಮೆನೂ ಜೈಕಾರ ಹಾಕಿಲ್ಲ ನೋಡ್ರಿ." ನಾವು ಸುಮ್ಮನಾದೆವು. ಕಲಬುರಗಿಗೆ ಹೈಕೋರ್ಟ್ ಪೀಠ ಬೇಕೆಂದು ಎಷ್ಟು ವರ್ಷ ಹೋರಾಟ ಆಯಿತು. 2008ರಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಕಾಯಂ ಆಯಿತು. ಒಳ್ಳೆಯದೇ. ಆದರೆ ಹಳ್ಳಿಯ ಕೇರಿಯಿಂದ ಕೋರ್ಟಿನ ಮೆಟ್ಟಿಲ ತನಕದ ಬಸ್ ಛಾರ್ಜು ಯಾವ ಪೀಠವೂ ಕೊಡಲಿಲ್ಲ.

ಕೊಡಬೇಕೆಂದು ಕಾನೂನಿದೆ. ಅಟ್ರಾಸಿಟಿ ಕಾಯ್ದೆಯ 1995ರ ನಿಯಮಗಳಲ್ಲಿ ಸಾಕ್ಷಿದಾರರಿಗೆ ಪ್ರಯಾಣ ಭತ್ಯೆ, ದಿನಗೂಲಿ, ಊಟದ ಖರ್ಚು ಇದೆ. ನೊಂದವರು ಬಯಸಿದರೆ ಜಿಲ್ಲಾಧಿಕಾರಿ ಹಿರಿಯ ವಕೀಲರನ್ನು ನೇಮಿಸಬಹುದು. ಜಿಲ್ಲಾ ಜಾಗೃತಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. 2016ರ ಜನವರಿ 26ರಿಂದ ಜಾರಿಗೆ ಬಂದ ತಿದ್ದುಪಡಿಯ 15ಎ ಕಲಂ ಸಾಕ್ಷಿದಾರರ ಹಕ್ಕು, ರಕ್ಷಣೆಗೆಂದೇ ಇದೆ. ನಮ್ಮಲ್ಲಿ ಎಷ್ಟು ಮಂದಿ ಓದಿದ್ದೇವೆ? 2024ರ ಜುಲೈ 1ರಿಂದ ಜಾರಿಯಾದ ನ್ಯಾಯ ಸಂಹಿತೆಯಲ್ಲಿ ಐದು ಅಥವಾ ಅದಕ್ಕಿಂತ ಹೆಚ್ಚು ಮಂದಿ ಸೇರಿ ಜಾತಿಯ ಕಾರಣಕ್ಕೆ ಕೊಂದರೆ ಮರಣದಂಡನೆಯನ್ನೂ ಕೊಡಬಹುದು ಎಂದು ಬರೆದಿದ್ದಾರೆ. ಚಪ್ಪಾಳೆ ತಟ್ಟಿದವರು ನಮ್ಮಲ್ಲೂ ಇದ್ದಾರೆ. ಸರಕಾರಕ್ಕೆ ಇದು ಬಹಳ ಅಗ್ಗದ ವ್ಯವಹಾರ, ಸಂಗಾತಿಗಳೇ. ಗಲ್ಲು ಎಂದು ಬರೆಯಲು ಒಂದು ಸಾಲು ಮಸಿ ಸಾಕು. ಬಸ್ ಛಾರ್ಜು ಕೊಡಲು ಬಜೆಟ್ಟಿನಲ್ಲಿ ದುಡ್ಡು ಇಡಬೇಕಾಗುತ್ತದೆ.

ಒಂದು ಆಕ್ಷೇಪವನ್ನು ತಪ್ಪಿಸಿಕೊಂಡು ಹೋಗಲು ನಮಗೆ ಮನಸ್ಸಿಲ್ಲ. "ಜೀವಾವಧಿ ಅಂದ್ರ ಹದಿನಾಲ್ಕು ವರ್ಷಕ್ಕ ಹೂವಿನ ಹಾರ ಹಾಕಿಸ್ಕೊಂಡು ಹೊರಗ ಬರ್ತಾರ" ಎಂಬ ಮಾತು ಸುಳ್ಳಲ್ಲ. 2022ರ ಆಗಸ್ಟ್ 15ರಂದು ಬಿಲ್ಕಿಸ್ ಬಾನು ಕೇಸಿನ 11 ಅಪರಾಧಿಗಳಿಗೆ ಹಾಗೆಯೇ ಹಾರ ಬಿತ್ತು. 2024ರ ಜನವರಿ 8ರಂದು ಸುಪ್ರೀಂ ಕೋರ್ಟು ಆ ಬಿಡುಗಡೆ ರದ್ದು ಮಾಡಿತು, ಮತ್ತೆ ಒಳಗೆ ಹೋದರು. ಇದನ್ನು ಕೋರ್ಟಿಗೆ ಎಳೆದವರು ಆ ಹೆಣ್ಣುಮಗಳು ಮತ್ತು ಅವಳ ಜೊತೆ ನಿಂತ ಹೆಂಗಸರು. ಬೆಂಗಳೂರಿನ ಒಂದು ಕೊಲೆ ಕೇಸಿನಲ್ಲೇ 2008ರಲ್ಲಿ ಸುಪ್ರೀಂ ಕೋರ್ಟು ಗಲ್ಲಿನ ಬದಲು ಬಿಡುಗಡೆಯಿಲ್ಲದ ಜೀವಾವಧಿ ಎಂಬ ದಾರಿ ಹಾಕಿಕೊಟ್ಟಿತು. ಅದೂ ಒಂದು ನಿಧಾನದ ಗಲ್ಲೇ ಎನ್ನುವವರಿದ್ದಾರೆ. ಆ ಮಾತಿಗೆ ನಮ್ಮಲ್ಲಿ ಪೂರ್ತಿ ಉತ್ತರ ಇಲ್ಲ. ಆದರೆ ತಪ್ಪಾಗಿದ್ದರೆ ಜೈಲಿನ ಬೀಗ ತೆಗೆಯಬಹುದು, ಮುರಿದ ಕೊರಳನ್ನು ಕೂಡಿಸಲಾಗುವುದಿಲ್ಲ. ಪೊಲೀಸರು ಕೇರಿಗೆ ನುಗ್ಗಿ ಕೈಗೆ ಸಿಕ್ಕವನನ್ನು ಹಿಡಿದುಕೊಂಡು ಹೋಗುವ ಊರಿನವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಟ್ರಾಸಿಟಿ ಕಾಯ್ದೆಯಲ್ಲೇ ಒಂದು ಕಲಂ ಇದೆ: ಸುಳ್ಳು ಸಾಕ್ಷಿಯಿಂದ ನಿರಪರಾಧಿ ದಲಿತನೊಬ್ಬ ನೇಣಿಗೆ ಹೋದರೆ ಆ ಸುಳ್ಳು ಹೇಳಿದವನಿಗೆ ಮರಣದಂಡನೆ. 1989ರಲ್ಲಿ ಪಾರ್ಲಿಮೆಂಟೇ ಒಪ್ಪಿಕೊಂಡಿದೆ ನೋಡಿರಿ, ನಿರಪರಾಧಿ ದಲಿತ ನೇಣಿಗೆ ಹೋಗುವುದು ಆಗದ ಮಾತಲ್ಲ ಅಂತ!

2019ರ ಡಿಸೆಂಬರ್‌ನಲ್ಲಿ ಹೈದರಾಬಾದಿನ ಹತ್ತಿರ ಅತ್ಯಾಚಾರದ ನಾಲ್ವರು ಆರೋಪಿಗಳನ್ನು ಪೊಲೀಸರು ಗುಂಡಿಕ್ಕಿ ಕೊಂದಾಗ ಮಂದಿ ಪೊಲೀಸರ ಮೇಲೆ ಹೂವು ಎರಚಿದರು. ನಮ್ಮ ವಾಟ್ಸಾಪ್ ಗುಂಪಿನಲ್ಲೂ ಹೂವಿನ ಚಿತ್ರ ಬಂದವು. ಎದುರುದಾಳಿ ಎಂಬ ಕಥೆ ನಂಬುವಂಥದ್ದಲ್ಲ, ಕೊಲ್ಲಲೆಂದೇ ಗುಂಡು ಹಾರಿಸಿದ್ದಾರೆ ಎಂದು 2022ರಲ್ಲಿ ಸುಪ್ರೀಂ ಕೋರ್ಟು ನೇಮಿಸಿದ ಆಯೋಗ ಹೇಳಿತು. ಹೂವಿನ ಚಿತ್ರ ಹಾಕಿದವರು ಆ ಸುದ್ದಿ ಹಾಕಲಿಲ್ಲ. ಶಂಬೂಕನ ವಂಶದವರು ರಾಮನ ಬಾಣಕ್ಕೆ ಹೂವು ಏರಿಸಿದ ಹಾಗೆ ಕಂಡಿತು ನಮಗೆ.

ಬಾಬಾಸಾಹೇಬರು ಏನು ಹೇಳಿದ್ದರು ಎಂಬುದನ್ನು ನಮ್ಮ ಜಯಂತಿ ಭಾಷಣಕಾರರು ಹೇಳುವುದಿಲ್ಲ. 1949ರ ಜೂನ್ 3, ಸಂವಿಧಾನ ಸಭೆ. ಮರಣದಂಡನೆಯ ಕೇಸುಗಳಿಗೆಲ್ಲ ಸುಪ್ರೀಂ ಕೋರ್ಟಿನಲ್ಲಿ ಅಪೀಲು ಇರಬೇಕೇ ಎಂಬ ಚರ್ಚೆ. ಅದಕ್ಕಿಂತ ಮರಣದಂಡನೆಯನ್ನೇ ತೆಗೆದುಹಾಕುವುದು ತಮಗೆ ಒಪ್ಪಿಗೆ ಎಂದರು ಅವರು. ನಮಗಾದ ಅವಮಾನದಲ್ಲಿ ಬಾಬಾಸಾಹೇಬರಿಗೆ ಆಗದೆ ಉಳಿದದ್ದು ಯಾವುದಿತ್ತು? ಸಿಟ್ಟು ಅವರಿಗೆ ನಮಗಿಂತ ಕಡಿಮೆ ಇತ್ತೇನು? ಆ ಸಭೆ ಅವರ ಮಾತು ಒಪ್ಪಲಿಲ್ಲ. ನಾವೂ ಒಪ್ಪಿಲ್ಲ, ಅವರ ಪ್ರತಿಮೆಯ ಕೆಳಗೇ ನಿಂತು "ಗಲ್ಲಿಗೇರಿಸಿ" ಎಂದು ಹಿಡಿಯುತ್ತೇವೆ.

ಬರೆಯುವ ಗೆಳೆಯರಿಗೆ ಒಂದು ಮಾತು. ಕಾವ್ಯ ಆಯುಧವಾಗಬೇಕೆಂದು 1979ರಲ್ಲಿ ಬಂಡಾಯದವರು ಘೋಷಿಸಿದ ಮೇಲೆ ನಮ್ಮಲ್ಲಿ ಒಂದು ಜಾಡ್ಯ ಬಂತು. ಕಥೆಯ ಕೊನೆಗೆ ಗೌಡನ ತಲೆ ಉರುಳಬೇಕು, ಬೀದಿ ನಾಟಕದ ಕೊನೆಗೆ ಸಾಹುಕಾರನ ಎದೆಗೆ ಕುಡುಗೋಲು ಇಳಿಯಬೇಕು. ಚಪ್ಪಾಳೆ ಬೀಳುತ್ತದೆ. ನಾವೂ ಅಂಥವು ಬರೆದು ಚಪ್ಪಾಳೆ ತಗೊಂಡವರೇ. ಮಾರನೆಯ ದಿನ ಬೆಳಿಗ್ಗೆ ಆ ಊರಿನ ಕೇರಿಯವರು ಅದೇ ಗೌಡನ ಹೊಲಕ್ಕೆ ಹೋಗುತ್ತಾರೆ. ಗೌಡನನ್ನು ಕಥೆಯಲ್ಲಿ ಕೊಂದದ್ದರಿಂದ ಅವನು ನಿಜವಾಗಿ ಕೋರ್ಟಿನಲ್ಲಿ ಹೇಗೆ ಪಾರಾಗುತ್ತಾನೆ ಎಂಬುದನ್ನು ಬರೆಯುವ ಕೆಲಸ ತಪ್ಪಿತು. ಎಫ್‌ಐಆರ್ ಬರೆಯಲೊಪ್ಪದ ಠಾಣೆ, ಜಾತಿ ಸರ್ಟಿಫಿಕೇಟು ಕೇಳಿ ತಿಂಗಳು ತಳ್ಳುವ ಗುಮಾಸ್ತ, ರಾಜಿಗೆ ಬರುವ ಊರ ಹಿರಿಯರು, ರಾಜಿಯಾಗದಿದ್ದರೆ ಬಂದಾಗುವ ಕಿರಾಣಿ ಅಂಗಡಿ, ತಾರೀಖಿನ ಮೇಲೆ ತಾರೀಖು: ಇದರ ಕಾದಂಬರಿ ಎಲ್ಲಿದೆ? ತಿರುಗಿಬಿದ್ದ ಸಾಕ್ಷಿದಾರನ ಒಳಗನ್ನು ಬರೆದ ಕಥೆ ಎಲ್ಲಿದೆ? ಅವನನ್ನು ದ್ರೋಹಿ ಎಂದು ಬೈದು ಮುಗಿಸಿದ್ದೇವೆ. ಕಂಬಾಲಪಲ್ಲಿಯ ಮೇಲೆ ಬೆಂಕಿಯ ಕವಿತೆಗಳು ಬಂದವು. ಬೆಂಕಿ ಆರಿದ ಮೇಲಿನ ಆ ಆರು ವರ್ಷಗಳ ಕೋರ್ಟಿನ ಬಗ್ಗೆ ಏನು ಬಂತು?

ಹಳ್ಳಿಯ ಮಾಸ್ತರುಗಳಲ್ಲಿ, ವಿದ್ಯಾರ್ಥಿ ಗೆಳೆಯರಲ್ಲಿ ನಮ್ಮದೊಂದು ಕೇಳಿಕೆ. ನಿಮ್ಮ ತಾಲ್ಲೂಕಿನಲ್ಲಿ ನಡೆಯುತ್ತಿರುವ ಅಟ್ರಾಸಿಟಿ ಕೇಸುಗಳಲ್ಲಿ ಸಾಕ್ಷಿದಾರರಿಗೆ ಭತ್ಯೆ ಬಂದಿದೆಯೇ, ಎಷ್ಟು ಬಂದಿದೆ, ಎಷ್ಟು ತಾರೀಖು ಆಗಿವೆ, ಕಳೆದ ಒಂದು ವರ್ಷದಲ್ಲಿ ಜಾಗೃತಿ ಸಮಿತಿ ಎಷ್ಟು ಸಲ ಸೇರಿದೆ, ಮಾಹಿತಿ ಹಕ್ಕಿನ ಅರ್ಜಿ ಹಾಕಿ ತಿಳಿದುಕೊಂಡು ಬರೆದು ಕಳಿಸಿರಿ. ಸಾಕ್ಷಿದಾರರ ಹೆಸರು ಬರೆಯಬೇಡಿರಿ. ಮುಂದಿನ ಸಂಚಿಕೆಯ ಅರ್ಧ ಪುಟಗಳನ್ನು ಅದಕ್ಕೇ ಬಿಟ್ಟಿದ್ದೇವೆ. ಕವಿತೆ ಕಳಿಸುವವರು ಈ ಸಲ ಸ್ವಲ್ಪ ಕಾಯಬೇಕಾಗುತ್ತದೆ.